ಲವ್‌ಡೇ ಬಿತ್ತಿದ ಡ್ಯಾಫೊಡಿಲ್

ಟೇಮರ್ ಕಣಿವೆ
ಆಗಸ್ಟ್ ಕೊನೆಯ ಭಾನುವಾರ, ಮಧ್ಯಾಹ್ನ

ತಾಮ್ಸಿನ್, ನನ್ನ ಮಗಳೇ,

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಅಂಚೆಯವಳು ಜೈಲಿನ ಮುದ್ರೆ ಕಾಣದ ಹಾಗೆ ಲಕೋಟೆಯನ್ನು ಬೋರಲು ಮಾಡಿ ನನ್ನ ಕೈಗಿಟ್ಟು, ಈ ಸಲ ಹುರುಳಿಕಾಯಿ ಹೇಗೆ ಬಂದಿದೆ ಅಂತ ವಿಚಾರಿಸಿಕೊಂಡು ಹೋದಳು. ಒಳ್ಳೆಯ ಹೆಂಗಸು. ಇಂಥ ಸಣ್ಣ ಒಳ್ಳೆಯತನವನ್ನೇ ಈಗ ನನಗೆ ತಡೆಯಲಾಗುವುದಿಲ್ಲ.

ನೀನು ಅಲ್ಲಿಗೆ ಹೋದಾಗಿನಿಂದ ನಾನು ನಿನಗೆ ಒಂದು ಸಾಲೂ ಬರೆದಿಲ್ಲ, ನೋಡಲೂ ಬಂದಿಲ್ಲ. ನಿಮ್ಮಪ್ಪ ತಿಂಗಳು ತಿಂಗಳು ಬಂದು ಹೋಗುತ್ತಾರೆ. ನನ್ನ ಬಗ್ಗೆ ಅಲ್ಲಿ ಏನು ಹೇಳುತ್ತಾರೋ ನಾನು ಕೇಳಿಲ್ಲ. ನೀನು ಬೇರೆ ಏನಾದರೂ ಕೇಳಿ ಬರೆದಿದ್ದರೆ ಈಗಲೂ ನನ್ನ ಪೆನ್ನು ಏಳುತ್ತಿರಲಿಲ್ಲ. ನೀನು ಕೇಳಿದ್ದು ಡ್ಯಾಫೊಡಿಲ್ ಬಗ್ಗೆ. ಅದಕ್ಕಾದರೆ ನನ್ನ ಹತ್ತಿರ ಉತ್ತರ ಇದೆ, ಅದಕ್ಕೇ ಕೂತಿದ್ದೇನೆ.

ಎರಡು ವಿಷಯ ಕೇಳಿದ್ದೀಯೆ. ಅಡುಗೆ ಮನೆಯ ಹಿಂದಿನ ಗೋಡೆ ಬುಡದಲ್ಲಿ ಉದ್ದನೆಯ ಪಾತಿ ಕೊಟ್ಟಿದ್ದಾರೆ, ಬೆಳಗಿನ ಬಿಸಿಲು ಮಾತ್ರ, ಗಾಳಿ ಜಾಸ್ತಿ, ಹೋದ ವರ್ಷ ಯಾರೋ ದಾನ ಕೊಟ್ಟ ಎತ್ತರದ ಡ್ಯಾಫೊಡಿಲ್‌ಗಳೆಲ್ಲ ಕೆಸರಿಗೆ ಬಿದ್ದವು, ಅಲ್ಲಿ ಯಾವ ಸಣ್ಣ ಗೆಡ್ಡೆ ಹಾಕಬೇಕು, ಹೇಗೆ ಹಾಕಬೇಕು ಅನ್ನುವುದು ಒಂದು. ಲವ್‌ಡೇ ಆಂಟಿಯ ಗೆಡ್ಡೆಗಳಲ್ಲಿ ಒಂದೇ ಒಂದಾದರೂ ಅಲ್ಲಿ ನೆಡಬಹುದೇ, ಹೆಡ್ಲಿ ಅಂಕಲ್ ಒಪ್ಪುತ್ತಾರೆಯೇ ಅನ್ನುವುದು ಇನ್ನೊಂದು. ಮೊದಲನೆಯದಕ್ಕೆ ಮೊದಲು ಹೇಳುತ್ತೇನೆ.

ದೊಡ್ಡವನ್ನು ಬಿಟ್ಟುಬಿಡು. ಗಾಳಿ ಸುತ್ತುವ ಜಾಗಕ್ಕೆ ಗೇಣುದ್ದ ಮೀರದ ಜಾತಿಯೇ ಆಗಬೇಕು. ದೊಡ್ಡ ಡ್ಯಾಫೊಡಿಲ್ ಅಂದರೆ ಊರ ಬ್ಯಾಂಡ್‌ಸೆಟ್ಟು, ಬಂದಿದ್ದು ಎಲ್ಲರಿಗೂ ಗೊತ್ತಾಗುತ್ತೆ, ಹೋದ ಮೇಲೆ ಕಸ ನಾವು ಗುಡಿಸಬೇಕು ಅನ್ನುತ್ತಿದ್ದಳು ಲವ್‌ಡೇ. ನಿನ್ನ ಪಾತಿಗೆ ಟೆಟ್-ಆ-ಟೆಟ್ ಹಾಕು. ಹೆಸರು ಫ್ರೆಂಚಿನದಾದರೂ ಹುಟ್ಟಿದ್ದು ನಮ್ಮ ಕಾರ್ನ್‌ವಾಲ್‌ನಲ್ಲೇ. ಅಂಗಡಿ ಅಂಗಡಿಯಲ್ಲಿ ಸಿಗುತ್ತೆ ಅಂತ ಹೂ ಪ್ರದರ್ಶನದ ಮಂದಿ ಮೂಗು ಮುರಿಯುತ್ತಾರೆ, ಮುರಿಯಲಿ. ಒಂದೊಂದು ಕಾಂಡಕ್ಕೆ ಎರಡು ಹೂ, ಬೇಲಿಯ ಆಚೆ ಈಚೆ ನಿಂತ ಹೆಂಗಸರ ಹಾಗೆ. ಮಳೆ ಬಡಿದರೂ ಮರುದಿನ ಎದ್ದು ನಿಂತಿರುತ್ತದೆ. ಮೊದಲ ಸಲ ನೆಡುವವರ ಮುಖಕ್ಕೆ ಹೊಡೆಯದ ಗಿಡ ಅದು.

ಛಾವಣಿಯ ನೀರು ಇಳಿಯುವ ಮೂಲೆ ಇದೆ ಅಂದಿದ್ದೀಯಲ್ಲ, ಅಲ್ಲಿಗೆ ಸೈಕ್ಲಮಿನಿಯಸ್ ಅನ್ನುವ ಡ್ಯಾಫೊಡಿಲ್. ದಳಗಳನ್ನೆಲ್ಲ ಹಿಂದಕ್ಕೆ ಮಡಚಿಕೊಂಡು, ಗಾಳಿಗೆ ಎದುರಾಗಿ ಓಡುವ ನಾಯಿಯ ಕಿವಿಯ ಹಾಗೆ ಇರುತ್ತಲ್ಲ, ಅದು. ಅದಕ್ಕೆ ಬೇಸಿಗೆಯಲ್ಲೂ ಮಣ್ಣು ಆರಕೂಡದು. ಲಂಗ ಅರಳಿಸಿದ ಹಾಗಿರುವ ಪುಟ್ಟ ಹಳದಿಯದು ನಿನಗೆ ಚಿಕ್ಕಂದಿನಿಂದ ಇಷ್ಟ ಅಂತ ಗೊತ್ತು, ಆದರೆ ಅದು ಬೇಸಿಗೆಯಲ್ಲಿ ಬೇಯಬೇಕು, ಆ ಗೋಡೆಯ ನೆರಳಲ್ಲಿ ಕೊಳೆಯುತ್ತದೆ. ಆಸೆ ಬಿಡು.

ಡ್ಯಾಫೊಡಿಲ್‌ಗಳ ನಡುವೆ ನೀಲಿ ಹೂವಿನ ಸಿಲ್ಲಾ ಗೆಡ್ಡೆ ಚೆಲ್ಲು. ಸಾಲು ಹಿಡಿದು ನೆಡಬೇಡ, ಕೈತುಂಬ ಹಿಡಿದು ಚೆಲ್ಲಿ ಬಿದ್ದಲ್ಲಿ ನೆಡು. ಕ್ರೋಕಸ್ ಹಾಕಬಹುದು, ಆದರೆ ಅಡುಗೆ ಮನೆ ಹತ್ತಿರ ಅಂದರೆ ಇಲಿ ಇರುತ್ತವೆ, ಅವಕ್ಕೆ ಕ್ರೋಕಸ್ ಗೆಡ್ಡೆ ಅಂದರೆ ಹಬ್ಬ. ಮೇಲೆ ಮುಳ್ಳುಕಡ್ಡಿ ಮುಚ್ಚು. ಪುಟ್ಟ ಐರಿಸ್ ನೋಡಿ ಮರುಳಾಗಬೇಡ. ಮೊದಲ ವರ್ಷ ಕಣ್ಣು ಕುಕ್ಕುತ್ತೆ, ಆಮೇಲೆ ಗೆಡ್ಡೆ ಒಡೆದು ಅಕ್ಕಿಕಾಳಾಗಿ ಬರೀ ಎಲೆ ಬಿಡುತ್ತೆ. ಸ್ನೋಡ್ರಾಪ್ ಒಣ ಗೆಡ್ಡೆ ಕೊಳ್ಳಲೇಬೇಡ. ಹೂ ಮುಗಿದು ಎಲೆ ಹಸಿರಿರುವಾಗಲೇ ಕಿತ್ತು ನೆಟ್ಟರೆ ಮಾತ್ರ ಅದು ಬದುಕುವುದು.

ಗೆಡ್ಡೆ ಆರಿಸುವಾಗ ತಳವನ್ನು ಹೆಬ್ಬೆರಳಲ್ಲಿ ಒತ್ತಿ ನೋಡು. ಮೆತ್ತಗಿದ್ದರೆ ಒಳಗೆ ಕೊಳೆತಿದೆ, ಪಕ್ಕದ್ದಕ್ಕೂ ಹಬ್ಬಿಸುತ್ತೆ, ಎಸೆದುಬಿಡು. ಮೂತಿ ಮೇಲೆ ಮಾಡಿ, ಗೆಡ್ಡೆಯ ಎತ್ತರದ ಎರಡರಷ್ಟು ಮೂರರಷ್ಟು ಆಳಕ್ಕೆ ಇಳಿಸು. ಸೆಪ್ಟೆಂಬರ್ ದಾಟಿಸಬೇಡ. ಹೂ ಬಾಡಿದ ಮೇಲೆ ತಲೆ ಚಿವುಟು, ಎಲೆ ಮುಟ್ಟಬೇಡ. ಎಲೆ ತಾನಾಗಿ ಹಳದಿಯಾಗಿ ಮಲಗುವ ತನಕ ಮುಂದಿನ ವರ್ಷದ ಹೂವಿಗೆ ಅದೇ ಅನ್ನ ಬೇಯಿಸುತ್ತಿರುತ್ತೆ. ಅಲ್ಲಿ ಅಚ್ಚುಕಟ್ಟು ಅಂತ ಯಾರಾದರೂ ಕತ್ತರಿ ಹಿಡಿದು ಬಂದರೆ ಅಡ್ಡ ನಿಲ್ಲು. ಅಡುಗೆ ಮನೆಯವರಿಗೆ ಮೊದಲೇ ಹೇಳಿಡು, ನೋಡಲು ಈರುಳ್ಳಿ ಹಾಗಿದ್ದರೂ ತಿಂದರೆ ವಿಷ.

ಇಷ್ಟೂ ನನಗೆ ಕಲಿಸಿದವಳು ಲವ್‌ಡೇ. ನಾವಿಬ್ಬರೂ ಮದುವೆಗೆ ಮೊದಲು ನದಿಯ ಆಚೆ ದಡದಲ್ಲಿ ಹೂ ಕಟ್ಟುವ ಕೊಟ್ಟಿಗೆಯಲ್ಲಿ ಒಟ್ಟಿಗೆ ನಿಂತು ಕೆಲಸ ಮಾಡಿದವರು, ನಿನಗೆ ಗೊತ್ತು. ಡ್ಯಾಫೊಡಿಲ್ ಹಾಲು ತಾಗಿ ಕೈಯೆಲ್ಲ ಸುಲಿದು ಕೆಂಪಾಗಿರುತ್ತಿತ್ತು. ದಿನವಿಡೀ ಗೊಂಚಲು ಕಟ್ಟಿದವರಿಗೆ ಡ್ಯಾಫೊಡಿಲ್ ಕಂಡರೆ ವಾಕರಿಕೆ. ಅವಳು ಮಾತ್ರ ಮನೆಗೆ ಹೋಗಿ ಅದನ್ನೇ ಬೆಳೆಸುತ್ತಿದ್ದಳು, ಸಣ್ಣ ಸಣ್ಣದನ್ನು, ಕುಂಡದಲ್ಲಿ, ಗಾಜಿನ ಮುಚ್ಚಳದ ಪೆಟ್ಟಿಗೆಗಳೊಳಗೆ. ಅವಳು ಹೆಡ್ಲಿಯನ್ನು ಮದುವೆಯಾದಳು, ಅಕ್ಕಪಕ್ಕದ ಮನೆಗೆ ಸೊಸೆಯರಾಗಿ ಬಂದೆವು. ಎರಡು ತೋಟದ ನಡುವೆ ಬೇಲಿ ಕಡಿದು ಪುಟ್ಟ ಗೇಟು ಇಡಿಸಿದ್ದು ಅವಳೇ. ಅವಳಿಗೆ ಮಕ್ಕಳಾಗಲಿಲ್ಲ. ನೀನಿದ್ದೆ. ನೀನು ಆ ಗೇಟಿನ ಕೆಳಗೆ ತೆವಳಿಕೊಂಡು ಹೋಗುತ್ತಿದ್ದೆ, ಅವಳು ನಿನ್ನ ಕೈಗೆ ಕುಂಚ ಕೊಟ್ಟು ಒಂದು ಹೂವಿನ ಪುಡಿ ಇನ್ನೊಂದಕ್ಕೆ ಹಚ್ಚಿಸುತ್ತಿದ್ದಳು. ಹೂವಿಗೆ ಮದುವೆ ಮಾಡಿಸಿ ಬಂದೆ ಅಂತ ನೀನು ನನಗೆ ಬಂದು ಹೇಳುತ್ತಿದ್ದೆ.

ಕೋರ್ಟಿನಲ್ಲಿ ಆ ಸಂಜೆಯ ನಿನ್ನ ಭಾಗ ಮಾತ್ರ ಬಂತು. ನನ್ನದನ್ನು ಯಾರೂ ಕೇಳಲಿಲ್ಲ, ಕೇಳಬೇಕಾಗಿಯೂ ಇರಲಿಲ್ಲ. ಈಗ ನಿನಗೆ ಹೇಳುತ್ತೇನೆ.

ಆ ಮಾರ್ಚಿನ ಪ್ರದರ್ಶನದಲ್ಲಿ ಅವಳ ಕುಂಡಕ್ಕೆ ಮೊದಲ ಬಹುಮಾನದ ಕೆಂಪು ಚೀಟಿ ಬಂದಿತ್ತು. ತೀರ್ಪುಗಾರ ಊರ ಸಭಾಂಗಣದ ನೆಲದ ಮೇಲೆ ಮೊಣಕಾಲೂರಿ, ಮೇಜಿನ ಮಟ್ಟಕ್ಕೆ ಕಣ್ಣಿಟ್ಟು ನೋಡಿದ. ಅವಳು ನನ್ನ ಕಿವಿಯಲ್ಲಿ, ಏಳಕ್ಕೆ ಆಗದೆ ಅಲ್ಲೇ ಕೂತಿದಾನೆ ಪಾಪ, ಎಬ್ಬಿಸೋಣ್ವಾ ಅಂದಳು. ಕೇಸರಿ ಬನ್ನು ತಿಂದು ಚಹಾ ಕುಡಿದೆವು. ಸಂಜೆ ಹೆಡ್ಲಿ ದೊಡ್ಡ ಕುಂಡಗಳನ್ನೆಲ್ಲ ವ್ಯಾನಿಗೆ ಹಾಕಿಕೊಂಡು ಹೊರಟ. ಬಹುಮಾನದ ಕುಂಡವನ್ನು ಅವಳು ಕೊಡಲಿಲ್ಲ. ವ್ಯಾನಿನ ಕುಲುಕಾಟಕ್ಕೆ ಹೂವಿನ ಕತ್ತು ಉಳುಕುತ್ತೆ, ನಾನು ನಡೆದೇ ಬರುತ್ತೇನೆ ಅಂತ ಕುಂಡವಿಟ್ಟ ತಟ್ಟೆ ಎತ್ತಿಕೊಂಡು ಮನೆ ಕಡೆಯ ಗಲ್ಲಿ ಹತ್ತಿದಳು. ನಾನು ಮೇಜುಬಟ್ಟೆ ಮಡಚುತ್ತಾ ಉಳಿದೆ.

ತಿರುವಿನಲ್ಲಿ ಏನೋ ಆಗಿದೆ ಅಂತ ಯಾರೋ ಬಂದು ಹೇಳಿದರು. ಓಡಿದೆ. ಇನ್ನೂ ಬೆಳಕಿತ್ತು. ಮೊದಲು ಕಂಡಿದ್ದು ನಿನ್ನ ಕಾರು, ಬಾಗಿಲು ತೆರೆದೇ ಇತ್ತು. ಆಮೇಲೆ ನೀನು ಕಂಡೆ. ಮಣ್ಣ ದಿಬ್ಬದ ಮೇಲೆ ಕೂತಿದ್ದೆ, ಮೈಯೆಲ್ಲ ರಕ್ತ. ಹತ್ತಿರ ಬಂದೆ. ನಿನ್ನ ಮಡಿಲಲ್ಲಿ ಅವಳ ತಲೆಯಿತ್ತು. ರಕ್ತ ನಿನ್ನದಲ್ಲ ಅಂತ ಆಗ ಗೊತ್ತಾಯಿತು.

ತಾಮ್ಸಿನ್, ಗೊತ್ತಾದ ಆ ಒಂದು ಕ್ಷಣ ನನಗೆ ಸಂತೋಷವಾಯಿತು. ಹೊಟ್ಟೆಯೊಳಗಿನಿಂದ ಎದ್ದು ಬಂದ ಸಂತೋಷ. ನೀನಲ್ಲ, ಅವಳು. ನನ್ನ ಇಡೀ ಜೀವಮಾನದ ಗೆಳತಿ ಅಲ್ಲಿ ಬಿದ್ದಿದ್ದಾಳೆ, ನಾನು ದೇವರಿಗೆ ಕೈಮುಗಿಯುತ್ತಿದ್ದೇನೆ. ನಿನ್ನ ಮುಖ ನೆನೆದಾಗೆಲ್ಲ ನನಗೆ ನೆನಪಾಗುವುದು ನೀನು ಮಾಡಿದ್ದಲ್ಲ, ಅದು. ಅದಕ್ಕೇ ನಾನು ಬಂದಿಲ್ಲ.

ಕಾರು ಓಡಿಸುತ್ತಾ ಫೋನು ನೋಡುತ್ತಿದ್ದೆ ಅಂತ ಪೊಲೀಸರು ಕೇಳುವ ಮೊದಲೇ ನೀನೇ ಹೇಳಿದೆ. ವಕೀಲ ಬೇಡ ಬೇಡ ಅಂದರೂ ಕೋರ್ಟಿನಲ್ಲೂ ಅದನ್ನೇ ಹೇಳಿದೆ. ಆ ಹೊತ್ತಿಗೆ ಹೆಡ್ಲಿ ತಲೆ ಎತ್ತಿ ನಿನ್ನನ್ನು ನೋಡಿದ. ನಾನು ಅವನ ಹಿಂದಿನ ಬೆಂಚಿನಲ್ಲಿದ್ದೆ. ಅವನ ಕತ್ತಿನ ನರ ಮಾತ್ರ ನನಗೆ ಕಾಣುತ್ತಿತ್ತು.

ಅಂತ್ಯಸಂಸ್ಕಾರವಾದ ಮೇಲೆ ಅವನು ನಡುಬೇಲಿಯ ಗೇಟಿಗೆ ಹಲಗೆ ಹೊಡೆದ. ನಿಮ್ಮಪ್ಪ ಈ ಕಡೆ ಬಟಾಣಿ ಮಡಿಯಲ್ಲಿ ಗುದ್ದಲಿ ಹಿಡಿದು ನಿಂತು ಸುತ್ತಿಗೆಯ ಒಂದೊಂದೇ ಏಟು ಕೇಳಿಸಿಕೊಂಡರು, ಆಮೇಲೆ ಮತ್ತೆ ಅಗೆಯಲು ಶುರು ಮಾಡಿದರು. ಅವತ್ತಿನಿಂದ ಅವರು ಮಾತು ಬಿಟ್ಟು ಕೆಲಸ ಹಿಡಿದಿದ್ದಾರೆ. ಪ್ರಾರ್ಥನಾ ಮಂದಿರಕ್ಕೆ ಹೂ ಜೋಡಿಸುವ ಪಾಳಿಯಲ್ಲಿ ನನ್ನ ಹೆಸರು ಬರುವುದು ನಿಂತಿತು. ಯಾರೂ ಏನೂ ಅನ್ನಲಿಲ್ಲ. ಅಂಗಡಿಗೆ ಹೋದರೆ ಎಲ್ಲರೂ ಮೃದುವಾಗಿ ಮಾತಾಡಿಸುತ್ತಾರೆ, ರೋಗಿಯನ್ನು ಮಾತಾಡಿಸುವ ಹಾಗೆ. ಬೈದಿದ್ದರೆ ಚೆನ್ನಾಗಿತ್ತು.

ಮತ್ತೆ, ಅವಳ ಗಾಜುಪೆಟ್ಟಿಗೆಗಳು. ನಮ್ಮ ಮಹಡಿ ಕಿಟಕಿಯಿಂದ ನೇರ ಕಾಣುತ್ತವೆ. ಪುಟ್ಟ ಡ್ಯಾಫೊಡಿಲ್‌ಗಳನ್ನು ಬೇಸಿಗೆಯಲ್ಲಿ ಕುಂಡದಿಂದ ಸುರಿದು, ಕೊಳೆತದ್ದು ಬೇರ್ಪಡಿಸಿ, ಹೊಸ ಮಣ್ಣಿಗೆ ಹಾಕಬೇಕು. ಅವನು ಮುಟ್ಟಲಿಲ್ಲ. ಜೂನ್ ಬಂತೆಂದರೆ ಡ್ಯಾಫೊಡಿಲ್ ನೊಣ ಬಾಡಿದ ಎಲೆಯ ಕುತ್ತಿಗೆ ಹುಡುಕಿ ಮೊಟ್ಟೆ ಇಡುತ್ತೆ, ಮುಚ್ಚಳಕ್ಕೆ ಬಲೆ ಕಟ್ಟಬೇಕು. ಯಾರೂ ಕಟ್ಟಲಿಲ್ಲ. ಜೀವಮಾನವಿಡೀ ಕೂಡಿಸಿದ್ದು ಅಲ್ಲಿ ಸಾಯುತ್ತಿರುವುದನ್ನು ನಾನು ಕಿಟಕಿಯಲ್ಲಿ ನಿಂತು ನೋಡಿದೆ. ಹೋಗಿ ಕೇಳುವ ಹಕ್ಕು ನನಗೆ ಎಲ್ಲಿತ್ತು? ಕೊನೆಗೆ ಪರದೆ ಎಳೆದುಬಿಟ್ಟೆ.

ಈ ವರ್ಷ ಫೆಬ್ರವರಿಯಲ್ಲಿ ಒಂದು ಬೆಳಿಗ್ಗೆ ಮುಂಬಾಗಿಲು ಬಡಿದ ಸದ್ದು. ಹೆಡ್ಲಿ ನಿಂತಿದ್ದ, ಒಂಟಿ ಚಕ್ರದ ಗಾಡಿ ತುಂಬ ಕುಂಡ. ಗೇಟಿನ ಹಲಗೆ ಕೀಳದೆ ರಸ್ತೆ ಸುತ್ತಿ ತಳ್ಳಿಕೊಂಡು ಬಂದಿದ್ದ. ಇಷ್ಟು ಇಳಿದುಹೋಗಿದ್ದಾನೆ ಅಂತ ನನಗೆ ಗೊತ್ತಿರಲಿಲ್ಲ.

"ಇವನ್ನ ತಗೋತೀಯಾ ಬೆರಿಲ್, ಇಲ್ಲಾ ನದೀಗೆ ಸುರಿದು ಬರ್ಲಾ?" ಅಂದ.

ಒಳಗೆ ಬಾ ಅಂದೆ. ಒಳಗೆ ಬರಲ್ಲ, ತಗೋತೀಯೋ ಇಲ್ಲವೋ ಅಷ್ಟು ಹೇಳು ಅಂದ. ಯಾಕೆ ಹೆಡ್ಲಿ ಈಗ ಅಂತ ಕೇಳಿದೆ.

"ಮುಚ್ಚಳ ತೆಗ್ದು ನೋಡ್ದೆ. ಸತ್ತಿರ್ತವೆ ಅಂದ್ಕೊಂಡಿದ್ದೆ. ಇನ್ನೂ ಮೊಳಕೆ ಬಿಡ್ತಾ ಇವೆ. ನನ್ ಕೈಲಿ ನೋಡಕ್ಕಾಗ್ತಿಲ್ಲ."

ತಗೊಂಡೆ. ಹಿತ್ತಲ ಬೆಂಚಿನ ಮೇಲೆ ಒಂದೊಂದೇ ಸುರಿದೆ. ಬಹುಪಾಲು ಸುರಿಯುವಾಗಲೇ ಕೈಯಲ್ಲಿ ಪುಡಿಯಾದವು. ಹೊರಗೆ ಗಟ್ಟಿಯಿದ್ದವನ್ನು ಕುಯ್ದರೆ ನಡುವೆ ಆ ನೊಣದ ಮರಿಹುಳು, ಬೆರಳ ತುದಿಯಷ್ಟು ದಪ್ಪ, ಬೂದಿ ಬಣ್ಣದ್ದು, ತಿರುಳೆಲ್ಲ ತಿಂದು ಮಲಗಿತ್ತು. ಉಳಿದದ್ದು ಮೂರು ನಾಲ್ಕು ಕುಂಡ ಸಾಧಾರಣ ಜಾತಿಯವು, ಮತ್ತೆ ಒಂದು ಬೀಜದ ಸಸಿಗಳ ಕುಂಡ. ಅದರಲ್ಲಿ ಚುಚ್ಚಿದ ಹೆಸರಿನ ಕಡ್ಡಿಯ ಮೇಲೆ ಅವಳ ಪೆನ್ಸಿಲ್ ಅಕ್ಷರ. ನೀನು ಮೊದಲು ಕೆಲಸಕ್ಕೆ ಸೇರಿದ ವರ್ಷ ಬಿತ್ತಿದ್ದು.

ಆ ಕುಂಡದ ಕತೆ ನಿನಗೂ ಗೊತ್ತು. ಹೂ ಹೆಬ್ಬೆರಳ ಉಗುರಿನಷ್ಟೇ ಗಾತ್ರ, ದಳ ಹಿಂದಕ್ಕೆ ಮಡಚಿರಬೇಕು, ಬಣ್ಣ ಹಾಲಿನದು. ಅಂಥದ್ದೊಂದು ಹುಟ್ಟಿಸುತ್ತೇನೆ ಅಂತ ಅವಳು ಎಷ್ಟು ಸಲ ಪುಡಿ ಹಚ್ಚಿ, ಎಷ್ಟು ಬೀಜ ಹಾಕಿ, ಎಷ್ಟು ಎಸೆದಳು. ಮೊದಲ ವರ್ಷ ಹುಲ್ಲಿನೆಳೆಯ ಹಾಗೆ ಒಂದೇ ಎಲೆ. ಎರಡನೇ ವರ್ಷ ಮತ್ತೆ ಅಷ್ಟೇ. ಮುಖ ತೋರಿಸಲು ಅದಕ್ಕೆ ವರ್ಷಗಟ್ಟಲೆ ಬೇಕು. ಅವಳು ಹೋಗುವಾಗ ಆ ಕುಂಡ ಇನ್ನೂ ಬರೀ ಎಲೆ. ಈಗ ಸಸಿಗಳಲ್ಲಿ ಬದುಕಿದ್ದು ಒಂದೇ, ಅದರ ಎಲೆಯ ನಡುವೆ ಒಂದು ಮೊಗ್ಗು.

ಅದನ್ನು ಹೆಡ್ಲಿಗೆ ಹೇಳದೆ ಇರಬಹುದಿತ್ತು. ಹೇಳಿದೆ.

ಮರುದಿನದಿಂದ ಅವನು ಬರತೊಡಗಿದ. ರಸ್ತೆ ಸುತ್ತಿಕೊಂಡೇ ಬರುತ್ತಿದ್ದ. ಹಿತ್ತಲಲ್ಲಿ ಬಕೆಟ್ ಮಗುಚಿ ಹಾಕಿಕೊಂಡು ಕುಂಡದ ಎದುರು ಕೂರುತ್ತಿದ್ದ. ನಿಮ್ಮಪ್ಪ ಚಹಾ ತಂದು ಪಕ್ಕದಲ್ಲಿಟ್ಟು ಒಳಗೆ ಹೋಗುತ್ತಿದ್ದರು. ಆಮೇಲೆ ಅವನು ಲವ್‌ಡೇ ಬಗ್ಗೆ ಮಾತಾಡಲು ಶುರು ಮಾಡಿದ. ಅವಳು ಹೂ ನೋಡುವುದು ಕಟುಕ ಹಸು ನೋಡುವ ಹಾಗೆ ಅಂತಿದ್ದ. ಒಂದು ದಿನ, ನಿಜ ಹೇಳಲಾ, ನನಗೆ ಈ ಪುಟ್ಟವು ಯಾವತ್ತೂ ಇಷ್ಟ ಇರಲಿಲ್ಲ, ಮೊಣಕಾಲೂರಿ ನೋಡಬೇಕಾದ ಹೂವು ಯಾತಕ್ಕೆ, ಅವಳಿಗೆ ಒಂದು ದಿನವೂ ಹೇಳಲಿಲ್ಲ ಅಂದ. ಅವಳಿಗೆ ಗೊತ್ತಿತ್ತು ಅಂದೆ. ಹೌದಾ ಅಂತ ನನ್ನ ಮುಖ ನೋಡಿದ. ಬಹಳ ಹೊತ್ತು ನಗುತ್ತಾ ಕೂತಿದ್ದ.

ಆ ದಿನಗಳಲ್ಲಿ ನಾನು ಏನೇನೋ ಆಸೆ ಕಟ್ಟಿಕೊಂಡೆ, ತಾಮ್ಸಿನ್. ಹಾಲಿನ ಬಣ್ಣದ್ದು ಅರಳುತ್ತದೆ, ಅದಕ್ಕೆ ಅವಳ ಹೆಸರಿಡುತ್ತೇವೆ, ಹೊಸ ತಳಿ ಅಂತ ಲಂಡನ್ನಿನಲ್ಲಿ ನೋಂದಾಯಿಸುತ್ತೇವೆ, ಒಂದು ಗೆಡ್ಡೆ ಎರಡಾಗಿ, ಎರಡು ನಾಲ್ಕಾಗಿ, ಅವಳು ಪೂರ್ತಿ ಹೋದ ಹಾಗಾಗುವುದಿಲ್ಲ. ಹೆಡ್ಲಿ ಹಲಗೆ ಕೀಳುತ್ತಾನೆ. ಹೀಗೆಲ್ಲ.

ಮಾರ್ಚ್ ಮೊದಲಲ್ಲಿ ಅರಳಿತು.

ಹಳದಿ. ನಮ್ಮ ದಿಬ್ಬಗಳಲ್ಲಿ ತಾನೇ ಬೆಳೆಯುವ ಹಳದಿ. ಒಂದು ದಳ ಒಳಕ್ಕೆ ಸುರುಟಿಕೊಂಡಿತ್ತು, ಬಾಯಂಚು ಹರಿದಿತ್ತು, ಸಣ್ಣದು ಅನ್ನುವ ಹಾಗೂ ಇರಲಿಲ್ಲ. ಹುಳುವಿನಿಂದ ಹೀಗಾಯಿತು ಅಂತ ಹೇಳಿಕೊಳ್ಳೋಣವೆಂದರೆ ಗೆಡ್ಡೆ ಗಟ್ಟಿಯಾಗಿತ್ತು, ಬೇರು ಚೆನ್ನಾಗಿತ್ತು. ಅದರ ಹಣೆಬರಹವೇ ಅಷ್ಟು. ನಾನು ಬಗ್ಗಿ ಒಂದು ಸಲ ನೋಡಿ ನೆಟ್ಟಗೆ ನಿಂತೆ.

"ಹೇಗಿದೆ?" ಅಂದ.

"ನೀನೇ ನೋಡು."

"ನಂಗೇನು ಗೊತ್ತಾಗುತ್ತೆ. ನೀ ಹೇಳು. ಸಮಾಧಾನಕ್ಕೆ ಸುಳ್ಳು ಹೇಳ್ಬೇಡ, ಎಲ್ರೂ ಅದನ್ನೇ ಮಾಡ್ತಿದಾರೆ."

"ಏನೂ ಇಲ್ಲ ಹೆಡ್ಲಿ. ಇಂಥದ್ದು ಊರು ತುಂಬ ಇದೆ. ಇದು ಅದಕ್ಕಿಂತ ಒಂದು ಕೈ ಕಡಿಮೆ."

"ಅವಳಿದ್ದಿದ್ರೆ?"

"ಕಿತ್ತು ಎಸೀತಿದ್ಲು. ಚಹಾ ಆರೋದ್ರೊಳಗೆ."

ಅವನು ಜೋರಾಗಿ ನಕ್ಕ. ನಿಮ್ಮಪ್ಪ ಅಡುಗೆ ಮನೆ ಬಾಗಿಲಿಗೆ ಬಂದು ನೋಡಿದರು. ನಗು ಎಲ್ಲಿ ನಿಂತು ಅಳು ಎಲ್ಲಿ ಶುರುವಾಯಿತೋ ತಿಳಿಯಲಿಲ್ಲ. ಬಕೆಟ್ ಮೇಲೆ ಕೂತಲ್ಲೇ ಅವನ ಭುಜ ಅಲ್ಲಾಡುತ್ತಿತ್ತು. ನಾನು ಹತ್ತಿರ ಹೋದೆ, ಕೈ ಅಡ್ಡ ಹಿಡಿದ.

"ಇದನ್ನ ನೋಡ್ದೆ ಹೋದ್ಲಲ್ಲಾ ಅಂತ ಇಷ್ಟು ದಿನ ಅಳ್ತಿದ್ದೆ," ಅಂದ. "ನೋಡಿದ್ರೂ ಇಷ್ಟೇನಾ."

ಎದ್ದು ಕುಂಡದಿಂದ ಗಿಡವನ್ನು ಮಣ್ಣು ಸಮೇತ ಎಳೆದ. ನಮ್ಮ ಗೊಬ್ಬರದ ಗುಂಡಿಗೆ ಹಾಕಿದ. ಹಾಕಿ, ಮೇಲೆ ಅಂಗಾಲಿನಿಂದ ಒತ್ತಿದ. ನಾನು ತಡೆಯಲಿಲ್ಲ. ಲವ್‌ಡೇಯೂ ಅದನ್ನೇ ಮಾಡುತ್ತಿದ್ದಳು ಅಂತ ಆಗಷ್ಟೇ ಹೇಳಿದವಳು ನಾನು, ಹೇಗೆ ತಡೆಯಲಿ? ಚಹಾ ಅರ್ಧ ಉಳಿದಿತ್ತು. ರಸ್ತೆ ಸುತ್ತಿಕೊಂಡು ಮನೆಗೆ ಹೋದ. ಆಮೇಲೆ ಬರಲಿಲ್ಲ.

ಮರುದಿನ ನಾನು ಗುಂಡಿ ಕೆದಕಿ ನೋಡಿದೆ ಅಂತ ನೀನು ಅಂದುಕೊಳ್ಳುತ್ತೀಯೇನೋ. ನೋಡಲಿಲ್ಲ. ಅದರಲ್ಲಿ ಉಳಿಸಿಕೊಳ್ಳುವಂಥದ್ದು ಏನೂ ಇರಲಿಲ್ಲ. ಅವಳ ಅಷ್ಟು ವರ್ಷದ ಕೆಲಸದಲ್ಲಿ ಹೊಸದಾಗಿ ಈ ಭೂಮಿಗೆ ಬಂದದ್ದು ಒಂದೂ ಉಳಿಯಲಿಲ್ಲ. ಇದ್ದದ್ದು ಇಷ್ಟೇ. ಇದನ್ನು ಸುತ್ತಿ ಬಳಸಿ ಒಳ್ಳೆಯದು ಮಾಡಿ ಹೇಳಲು ನನಗೆ ಬರುವುದಿಲ್ಲ.

ಈಗ ನಿನ್ನ ಎರಡನೆಯ ಪ್ರಶ್ನೆ.

ನಿನ್ನ ಕಾಗದ ಬಂದ ವಾರವೇ ಹೆಡ್ಲಿಯ ಮನೆಗೆ ಹೋದೆ. ಆ ಮನೆಯ ಹೊಸ್ತಿಲು ತುಳಿದು ಎಷ್ಟು ಕಾಲವಾಗಿತ್ತು. ಅಡುಗೆ ಮನೆಯಲ್ಲಿ ಅವಳ ಏಪ್ರನ್ ಮೊಳೆಗೆ ಹಾಗೇ ತೂಗುತ್ತಿದೆ. ಅವಳ ಕುಂಡಗಳಲ್ಲಿ ಮೂರು ನಾಲ್ಕು ನನ್ನ ಹತ್ತಿರ ಬದುಕಿವೆ, ಸಾಧಾರಣದವು, ಅದರಿಂದ ಒಂದೆರಡು ಗೆಡ್ಡೆ ಕಳಿಸಬಹುದಾ, ತಾಮ್ಸಿನ್ ಕೇಳಿದ್ದಾಳೆ ಅಂದೆ. ನಿನ್ನ ಹೆಸರನ್ನು ಅವನ ಎದುರು ಯಾರೂ ಎತ್ತುವುದಿಲ್ಲ. ಅವನು ಕಿಟಕಿಯ ಹೊರಗೆ ನೋಡುತ್ತಾ ನಿಂತ.

"ಬೇಡ," ಅಂದ. "ಅಲ್ಲಿ ಬೇಡ. ಅವಳ ಹೆಸ್ರು ಬರ್ದು ಕಡ್ಡಿ ಚುಚ್ಚಿಟ್ಟು, ಅದನ್ನ ನೋಡ್ಕೊಂಡು ಆ ಹುಡುಗೀಗೆ ಒಂಚೂರು ಹಗುರ ಆಗುತ್ತೆ. ಆಗ್ಲಿ ಅಂತ ಬಯಸೋಷ್ಟು ದೊಡ್ಡೋನಲ್ಲ ನಾನು. ಪ್ರಯತ್ನ ಮಾಡ್ದೆ ಬೆರಿಲ್. ನಿಜವಾಗ್ಲೂ ಮಾಡ್ದೆ."

ಗೊತ್ತು ಅಂದೆ. ನಿನ್ನನ್ನು ದ್ವೇಷಿಸುತ್ತಿಲ್ಲ ಅಂತಲೂ ಅಂದ. ಗೇಟಿನ ಕೆಳಗೆ ತೆವಳಿ ಬರುತ್ತಿದ್ದ ಮಗುವೇ ಕಣ್ಣಿಗೆ ಬರುತ್ತೆ, ಅದರಿಂದಲೇ ಇನ್ನೂ ಕಷ್ಟ ಅಂದ. ಮತ್ತೂ ಸ್ವಲ್ಪ ಮಾತಾಡಿದೆವು. ಅದು ಇಲ್ಲಿ ಬೇಡ.

ಹಾಗಾಗಿ ಲವ್‌ಡೇಯ ಗೆಡ್ಡೆ ನಿನಗೆ ಬರುವುದಿಲ್ಲ. ನನ್ನ ಹತ್ತಿರ ಇವೆ, ಬೆಂಚಿನ ಕೆಳಗೆ ಒಣಮರಳಿನಲ್ಲಿವೆ, ಕದ್ದು ಕಳಿಸಿದರೆ ಯಾರಿಗೂ ತಿಳಿಯುವುದಿಲ್ಲ. ಕಳಿಸುವುದಿಲ್ಲ. ನೀನು ಬಯಸಿದ್ದು ತಪ್ಪಲ್ಲ. ಅವನು ಕೊಡದಿದ್ದದ್ದೂ ತಪ್ಪಲ್ಲ. ನಡುವೆ ನಿಂತು ನನಗೆ ಮಾಡಲು ಏನೂ ಇಲ್ಲ, ಅಷ್ಟೇ.

ಮೇಲೆ ಹೇಳಿದ ಗೆಡ್ಡೆಗಳನ್ನೆಲ್ಲ ಅಂಗಡಿಯಿಂದ ಆರಿಸಿ ತಂದಿದ್ದೇನೆ. ಒಂದೊಂದರ ತಳವನ್ನೂ ನಾನೇ ಒತ್ತಿ ನೋಡಿದ್ದೇನೆ. ನಿಮ್ಮ ತೋಟದ ಮೇಲ್ವಿಚಾರಕಿಯ ಹೆಸರಿಗೆ ನಿಮ್ಮಪ್ಪ ತಂದುಕೊಡುತ್ತಾರೆ. ನೆಡು. ಹೆಸರಿನ ಕಡ್ಡಿ ಚುಚ್ಚಬೇಡ, ಯಾರ ಹೆಸರಿನದೂ. ನಿಮ್ಮ ಅಡುಗೆ ಮನೆಯ ಹೆಂಗಸರು ಪಾತ್ರೆ ತೊಳೆಯುವಾಗ ಕಿಟಕಿಯಿಂದ ನೋಡಲಿ. ಹೂ ನೋಡಿದರೆ ನಿನಗೆ ಹಗುರವಾಗುತ್ತೆ ಅಂತ ನಾನು ಹೇಳಲಾರೆ. ನನಗೆ ಆಗಿಲ್ಲ. ಈ ವರ್ಷ ದಿಬ್ಬದ ತುಂಬ ಅರಳಿದ್ದವು, ನಾನು ದಿನವೂ ಆ ತಿರುವು ದಾಟಿ ಹಾಲು ತರಲು ಹೋದೆ. ಹಳದಿ ಹಳದಿಯಾಗಿತ್ತು, ಅಷ್ಟೇ. ಆದರೂ ಕೈಗೆ ಕೆಲಸ ಬೇಕಲ್ಲ. ಗೆಡ್ಡೆ ಹಾಕಿ ಮಣ್ಣು ಮುಚ್ಚಿದ ಮೇಲೆ ಅಂಗೈಯಿಂದ ಗಟ್ಟಿಯಾಗಿ ಒತ್ತು, ಸಡಿಲ ಬಿಟ್ಟರೆ ನೊಣಕ್ಕೆ ದಾರಿ.

ಚಳಿ ಶುರುವಾಗುತ್ತೆ. ನಿಮ್ಮಪ್ಪನ ಕೈಯಲ್ಲಿ ಒಂದು ಜೊತೆ ಉಣ್ಣೆಯ ಕೈಗವಸು ಕಳಿಸಿದರೆ ಒಳಗೆ ಬಿಡುತ್ತಾರಾ, ಕೇಳಿ ತಿಳಿಸು. ಹೆಣೆದಿಟ್ಟು ಬಹಳ ದಿನವಾಯಿತು.

ಏನೇ ಆದರೂ ನೀನು ನನ್ನ ಮಗಳು, ಅದನ್ನು ನಾನು ಒಂದು ದಿನವೂ ಮರೆತಿಲ್ಲ.

ನಿನ್ನ ಅಮ್ಮ,
ಬೆರಿಲ್

ಮತ್ತೆ: ಲಕೋಟೆ ಅಂಟಿಸಿದ್ದನ್ನು ಮತ್ತೆ ಬಿಡಿಸಿದೆ. ಇದನ್ನು ಬರೆಯಲೆಂದೇ ಮೊದಲ ಸಾಲಿನಿಂದ ಹೊರಟವಳು, ಬರೆಯದೆ ಸಹಿ ಹಾಕಿದೆ. ಮುಂದಿನ ಬೇಸಿಗೆಗೆ ನಿನ್ನ ಬಿಡುಗಡೆ ಅಂತ ನಿಮ್ಮಪ್ಪ ಹೇಳಿದರು. ಗೆಡ್ಡೆ ಕೇಳಲು ಹೋದ ದಿನ ಹೆಡ್ಲಿ ನನ್ನನ್ನು ಕೇಳಿದ್ದು ಒಂದೇ, ತಾನು ಬದುಕಿರುವ ತನಕ ನೀನು ಈ ಗಲ್ಲಿಗೆ ಕಾಲಿಡಬಾರದು. ಲವ್‌ಡೇ ಇಲ್ಲೇ ಮಣ್ಣಲ್ಲಿದ್ದಾಳೆ, ಅವನು ಬಿಟ್ಟು ಹೋಗಲಾರ, ನಿನ್ನ ಮುಖ ನೋಡಿಕೊಂಡು ಇರಲಾರ. ನಾನು ಮಾತು ಕೊಟ್ಟೆ. ನಿನ್ನನ್ನು ಕೇಳಲಿಲ್ಲ, ನಿಮ್ಮಪ್ಪನನ್ನೂ ಕೇಳಲಿಲ್ಲ. ಅವರು ನಿನ್ನ ಕೋಣೆಗೆ ಸುಣ್ಣ ಹೊಡೆಯುತ್ತಿದ್ದಾರೆ, ಈಗಲೂ ಕುಂಚದ ಸದ್ದು ಕೇಳುತ್ತಿದೆ, ಅವರಿಗೆ ಇನ್ನೂ ಗೊತ್ತಿಲ್ಲ. ನೀನು ಹೊರಗೆ ಬರುವ ದಿನ ಜೈಲಿನ ಬಾಗಿಲಲ್ಲಿ ನಾನಿರುತ್ತೇನೆ. ಅಲ್ಲಿಂದ ಎಲ್ಲಿಗೆ ಅಂತ ನನಗೆ ಗೊತ್ತಿಲ್ಲ, ಆದರೆ ನಿನ್ನ ಜೊತೆ ಬರುತ್ತೇನೆ. ನಿಮ್ಮಪ್ಪ ಬರುತ್ತಾರೋ ಇಲ್ಲವೋ ಹೇಳಲಾರೆ.